ಕಡಲಾಚೆಯ ಕಚೇರಿಯಲ್ಲಿ ಅವ್ವನ ಸೀರೆ

ಇಳಕಲ್ಲಿನಿಂದ ಹೊರಟದ್ದು

ನಾನು ಬಾಗಲಕೋಟೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿದೇಶಕ್ಕೆ ಹೋಗಿಬಂದವರು ಹಿಮ, ಸೇತುವೆ, ಎತ್ತರದ ಕಟ್ಟಡ ಎಂದೆಲ್ಲ ಬರೆಯುತ್ತಾರೆ. ನಾನು ಸಮುದ್ರ ದಾಟಿ ಹೋಗಿ ನೋಡಿದ್ದು ಇನ್ನೊಂದು ಕಚೇರಿಯನ್ನು. ನಗುವವರು ಈಗಲೇ ನಕ್ಕುಬಿಡಿ.

ಆಮಂತ್ರಣ ಬಂದದ್ದು ನನಗಲ್ಲ, ನನ್ನ ಅಕ್ಕ ಶಂಕ್ರವ್ವನಿಗೆ. ಕಡಲ ನಡುವಿನ ಒಂದು ಪುಟ್ಟ ದೇಶದಲ್ಲಿ ಕೈಮಗ್ಗದ ಪ್ರದರ್ಶನವಿತ್ತು. ಇಳಕಲ್ ಸೀರೆ ನೇಯುವವರೊಬ್ಬರು ಬೇಕು, ಜೊತೆಗೆ ಇಂಗ್ಲಿಷ್ ಬಲ್ಲವರೊಬ್ಬರು ಬರಬಹುದು ಎಂದು ಬರೆದಿದ್ದರು. ಆ ಬಾಲಂಗೋಚಿ ನಾನು. ದೇಶದ ಹೆಸರು ಬರೆಯುವುದಿಲ್ಲ; ಈ ಕಥೆಯಲ್ಲಿ ಮುಂದೆ ಬರುವ ಅಲ್ಲಿನ ಒಬ್ಬ ಹೆಣ್ಣುಮಗಳಿಗೆ ಹಾಗೆಂದು ಮಾತು ಕೊಟ್ಟು ಬಂದಿದ್ದೇನೆ.

ಆ ದೇಶದ ಹೆಸರು ಕೇಳಿದ ಕೂಡಲೇ ನನ್ನ ಮೈ ಜುಮ್ಮೆಂದಿತು. ಅದಕ್ಕೆ ಕಾರಣ ಅವ್ವ. ನನಗಿನ್ನೂ ಎರಡು ವರ್ಷ ತುಂಬಿರದಿದ್ದಾಗ ಆ ದೇಶದ ಮೊದಲ ಪ್ರಧಾನಿ ಬಾದಾಮಿಯ ಗುಹೆಗಳನ್ನು ನೋಡಲು ಬಂದಿದ್ದರಂತೆ. ಅವರ ಹೆಂಡತಿಗೆ ಕೊಡಲು ಒಂದು ಸೀರೆ ಬೇಕೆಂದು ಅಧಿಕಾರಿಗಳು ಹೇಳಿ ಕಳಿಸಿದ್ದು ನಮ್ಮ ಮನೆಗೆ. ಅಪ್ಪ ನೇಯ್ದ, ಅವ್ವ ನೀಲವ್ವ ಒಡಲಿನ ಎಳೆಗೆ ಸೆರಗಿನ ಎಳೆ ಸೇರಿಸುವ ಕೊಂಡಿ ಹಾಕಿದಳು. ಅಪ್ಪ ಆ ಸೀರೆಯನ್ನು ಎದೆಗವಚಿಕೊಂಡು ಗುಡೂರಿನ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ಬಾದಾಮಿಗೆ ಹೋಗಿ ಕೊಟ್ಟುಬಂದ. ಅವ್ವ ಸಾಯುವ ತನಕ ಓಣಿಯಲ್ಲಿ ಈ ಕಥೆ ಹೇಳಿದಳು. ಓಣಿಯ ಜನ ಹೂಂಗುಟ್ಟುತ್ತಿದ್ದರು, ನಂಬುತ್ತಿರಲಿಲ್ಲ. ಅವ್ವನ ನಂತರ ನಾನು ಹೇಳತೊಡಗಿದೆ, ಇನ್ನೂ ಜೋರಾಗಿ: "ಒಂದು ಎಳೆ ತಪ್ಪಿಲ್ಲ ಆ ಸೀರೆಯಲ್ಲಿ, ಒಂದೇ ಒಂದು ಎಳೆ!"

ಗುಮಾಸ್ತ ಸುಮ್ಮನಿರುತ್ತಾನೆಯೇ? ಆ ದೇಶದ ಪ್ರಧಾನಿಯ ಇಲಾಖೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಬರೆದೆ. ತಿಂಗಳೊಳಗೆ ಉತ್ತರ ಬಂತು! ಮೆರಿನಾ ಎಂಬ ದಾಖಲೆ ಅಧಿಕಾರಿಯ ಸಹಿ. "ನೀವು ಹೇಳಿದ ಸೀರೆ ನಮ್ಮ ಕಾಣಿಕೆಗಳ ರಿಜಿಸ್ಟರಿನಲ್ಲಿದೆ. ಆದರೆ ಅದು ಮೂಲ ರೂಪದಲ್ಲಿಲ್ಲ. ಬಂದಾಗ ಭೇಟಿಯಾಗಿ" ಎಂದಿತ್ತು.

ಅಕ್ಕನಿಗೆ ಓದಿ ಹೇಳಿದೆ. ಅವಳು ಲಡಿಗೆ ನೂಲು ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು.

"ಮೂಲ ರೂಪದಾಗ ಇಲ್ಲಂದ್ರ? ಹರದಾರೇನು?"

"ಹೋದ ಮ್ಯಾಲೆ ನೋಡೂಣ ಬೇ."

"ಹರದಿದ್ರ ನಾ ನೋಡಾಕ ಬರೂದಿಲ್ಲ, ಈಗ ಹೇಳ್ತೇನಿ" ಎಂದಳು. ಆದರೆ ಆ ಸಂಜೆಯೇ ಟ್ರಂಕಿನಿಂದ ತನ್ನ ಒಳ್ಳೆಯ ಸೀರೆಗಳನ್ನು ತೆಗೆದು ಗಾಳಿಗೆ ಹರವಿದಳು.

ವಿಮಾನ ನಿಲ್ದಾಣ, ಎರಡೂ ಕಡೆ

ಹೊರಡುವಾಗ, ಮಗ್ಗದಲ್ಲಿ ಅಡ್ಡ ಎಳೆ ಓಡಿಸುವ ನಮ್ಮ ಲಾಳಿಗೆ ಕುತ್ತು ಬಂತು. ಲಾಳಿಯ ಎರಡೂ ತುದಿಗೆ ಕಬ್ಬಿಣದ ಮೊನೆ ಇರುತ್ತದಲ್ಲ, ಅಂಥ ಲಾಳಿಯನ್ನು ಅಕ್ಕ ಕೈಚೀಲದಲ್ಲಿ ಹಾಕಿಕೊಂಡಿದ್ದಳು. ತಪಾಸಣೆಯವನು ಅದನ್ನು ಎತ್ತಿ ಹಿಡಿದು "ಇದರಿಂದ ಏನು ಮಾಡುತ್ತೀರಿ?" ಎಂದ. "ಸೀರಿ" ಎಂದಳು ಅಕ್ಕ. ಅವನು ನಗಲಿಲ್ಲ. ಲಾಳಿ ಅಲ್ಲೇ ಉಳಿಯಿತು. ಅಕ್ಕ ವಿಮಾನ ಮೇಲೇರುವಾಗಲೂ ಅದಕ್ಕಾಗಿ ಗೊಣಗುತ್ತಿದ್ದಳು, ಮೋಡ ನೋಡಲೇ ಇಲ್ಲ.

ಇಳಿದ ಮೇಲೆ ರೊಟ್ಟಿಗೆ ಕುತ್ತು. ನಮ್ಮ ಕಡಕ್ ಜೋಳದ ರೊಟ್ಟಿಯ ಗಂಟು ಬಿಚ್ಚಿಸಿದ ಅಲ್ಲಿನ ಅಧಿಕಾರಿ, ಒಂದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದ. ತಟ್ಟೆಯೋ, ರಟ್ಟೋ ಎಂದು ನನ್ನನ್ನು ಕೇಳಿದ. ನಾನು ಇಂಗ್ಲಿಷಿನಲ್ಲಿ ತಡಕಾಡುವಷ್ಟರಲ್ಲಿ ಅಕ್ಕ ಒಂದು ತುಂಡು ಮುರಿದು, ಶೇಂಗಾ ಚಟ್ನಿ ಸವರಿ ಅವನ ಕೈಗಿಟ್ಟಳು. ಅವನು ಸುತ್ತಲೂ ನೋಡಿ ಬಾಯಿಗೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು. "ಸಾರಿ" ಎಂದು ಅವನೇ ಕ್ಷಮೆ ಕೇಳಿ ನಮ್ಮನ್ನು ಬಿಟ್ಟ.

ಆ ದೇಶದಲ್ಲಿ ಎಲ್ಲರೂ ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ. ನಾವು ಅವರ ಕಾಲು ತುಳಿದರೂ ಅವರೇ ಕೇಳುತ್ತಾರೆ. ಬಸ್ಸಿಗೆ ಇಬ್ಬರೇ ಇದ್ದರೂ ಒಬ್ಬರ ಹಿಂದೊಬ್ಬರು ಪಾಳಿ ಹಚ್ಚುತ್ತಾರೆ. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದು ಬೆಳೆದ ನನಗೆ ಅವರ ಹಿಂದೆ ನಿಂತಾಗ ಕೈ ತುರಿಸುತ್ತಿತ್ತು. ನಾಲ್ಕನೆಯ ಸಲ ನನಗೂ ಅಭ್ಯಾಸವಾಯಿತು.

ಪ್ರದರ್ಶನದ ಮೊದಲ ಎರಡು ದಿನ

ಅಕ್ಕನ ಸುತ್ತ ಜನವೋ ಜನ. ಮೆಚ್ಚಿದರು, ಫೋಟೋ ತೆಗೆದರು, ಅವರೇ ಒದಗಿಸಿದ್ದ ಲಾಳಿಯಿಲ್ಲದ ಮಗ್ಗಕ್ಕೆ ಅಲ್ಲಿನ ಬಡಗಿಯೊಬ್ಬ ಅರ್ಧ ದಿನದಲ್ಲಿ ಮರದ ಲಾಳಿ ಕೆತ್ತಿಕೊಟ್ಟ. ಅದು ಸ್ವಲ್ಪ ದಪ್ಪ. "ಎಮ್ಮಿ ಆಗೈತಿ, ಆದರ ನಡೀತೈತಿ" ಎಂದು ಅಕ್ಕ ಅದನ್ನೇ ಓಡಿಸಿದಳು. ಬಡಗಿಗೆ ಅದನ್ನು ಹೊಗಳಿಕೆಯೆಂದೇ ಅನುವಾದಿಸಿ ಹೇಳಿದೆ. ಗುಮಾಸ್ತನಿಗೆ ಇಷ್ಟೂ ಬರದಿದ್ದರೆ ಹೇಗೆ?

ನನ್ನ ಮನಸ್ಸೆಲ್ಲ ಮಾತ್ರ ಗುಡ್ಡದ ಮೇಲಿದ್ದ ಮೆರಿನಾಳ ಕಚೇರಿಯಲ್ಲಿತ್ತು. ಮೂರನೆಯ ದಿನ ಬೆಳಿಗ್ಗೆ ಪ್ರದರ್ಶನ ಶುರುವಾಗುವ ಮುನ್ನ ಇಬ್ಬರೂ ಹತ್ತಿದೆವು.

ಗುಡ್ಡದ ಮೇಲಿನ ಇಲಾಖೆ

ಪ್ರಧಾನಿಯ ಇಲಾಖೆ ಎಂದರೆ ನಾನು ಕಂಬ, ಕಾವಲು, ಕೆಂಪು ದೀಪದ ಕಾರು ಎಂದೆಲ್ಲ ಎಣಿಸಿದ್ದೆ. ನೋಡಿದರೆ ಹಂಚಿನ ಮಾಡಿನ ಉದ್ದನೆಯ ಮನೆ. ಬಾಗಿಲಲ್ಲಿ ಮೆರಿನಾ ನಿಂತಿದ್ದಳು, ಐವತ್ತೈದರ ಹೆಂಗಸು, ಕೊರಳಿಗೆ ದಾರದಲ್ಲಿ ಕನ್ನಡಕ ನೇತುಹಾಕಿಕೊಂಡು, ನಮ್ಮ ಕಚೇರಿಯ ಹಳೇ ಶಿರಸ್ತೇದಾರರಂತೆ ತಲೆ ಸ್ವಲ್ಪ ಓರೆ ಮಾಡಿ ನೋಡುವವಳು. ನೋಡಿದ ಕೂಡಲೇ ಗೊತ್ತಾಯಿತು, ಇವಳು ನಮ್ಮ ಜಾತಿಯವಳು. ಫೈಲಿನ ಜಾತಿ.

ಎಲ್ಲೆಲ್ಲೂ ಪೆಟ್ಟಿಗೆಗಳು. ಇಲಾಖೆ ಅದೇ ಶುಕ್ರವಾರ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಅಲ್ಲಿ ಇಲಾಖೆಯ ಚರಿತ್ರೆ ಹೇಳುವ ಒಂದು ದೊಡ್ಡ ಕೋಣೆ ಮಾಡುತ್ತಿದ್ದರು. ಆ ಚರಿತ್ರೆಯನ್ನು ಮೆರಿನಾ ನಡೆನಡೆಯುತ್ತ ಹೇಳಿದಳು.

ದೇಶ ಸ್ವತಂತ್ರವಾದ ದಿನ ಪ್ರಧಾನಿಗೆ ಕುರ್ಚಿ ಇತ್ತಂತೆ, ಕಚೇರಿ ಇರಲಿಲ್ಲ. ಒಬ್ಬ ಕಾರ್ಯದರ್ಶಿ, ಒಬ್ಬಳು ಟೈಪಿಸ್ಟ್, ಒಂದು ತಗಡಿನ ಟ್ರಂಕು, ಇಷ್ಟೇ ಇಲಾಖೆ. ಹಳೆಯ ಗವರ್ನರರ ಮನೆಯ ಹಿಂಬದಿಯ ಪಡಸಾಲೆಯಲ್ಲಿ ಕೂತಿದ್ದರು. ಪ್ರಧಾನಿ ಬೇರೆ ದ್ವೀಪಕ್ಕೆ ಹೋದರೆ ಟ್ರಂಕು ದೋಣಿಯಲ್ಲಿ ಜೊತೆಗೆ ಹೋಗಬೇಕು. ಒಮ್ಮೆ ಬಿರುಗಾಳಿಯಲ್ಲಿ ದೋಣಿ ಮಗುಚಿದಾಗ ಟೈಪಿಸ್ಟ್ ತನ್ನ ಚಪ್ಪಲಿ ಬಿಟ್ಟಳು, ಟ್ರಂಕು ಬಿಡಲಿಲ್ಲ. ಮುಂದೆ ಪ್ರಧಾನಿಗಳು ಬದಲಾದರು, ಒಬ್ಬರನ್ನೊಬ್ಬರು ಬೈದಾಡಿಕೊಂಡು ಗೆದ್ದು ಬಂದರು. ಆದರೆ ಯಾರು ಗೆದ್ದರೂ ಅವರು ಮೊದಲ ಬೆಳಿಗ್ಗೆ ಬಂದಾಗ ಮೇಜು ಒರೆಸಿರುತ್ತದೆ, ಐದು ಪೆನ್ಸಿಲ್ ಚೂಪು ಮಾಡಿಟ್ಟಿರುತ್ತದೆ, ಮೇಲೆ ಒಂದೇ ಫೈಲು: ಮಧ್ಯಾಹ್ನದ ತನಕ ಕಾಯಲಾಗದ ಕೆಲಸಗಳು. ಹಿಂದಿನವರ ಬಗ್ಗೆ ಹೊಸಬರ ಮುಂದೆ ಯಾರೂ ಒಂದು ಮಾತಾಡುವುದಿಲ್ಲ. ಅದು ಅಲ್ಲಿನ ವ್ರತ.

ನನಗೆ ನಮ್ಮ ಬಾಗಲಕೋಟೆ ನೆನಪಾಯಿತು. ವಿಜಾಪುರದಿಂದ ಬೇರೆಯಾಗಿ ನಮ್ಮದು ಹೊಸ ಜಿಲ್ಲೆಯಾದಾಗ ಫೈಲುಗಳು ಕೆಂಪು ಬಟ್ಟೆಯ ಗಂಟಿನಲ್ಲಿ ಲಾರಿಯ ಮೇಲೆ ಬಂದವು. ಕುರ್ಚಿ ಕಡ, ಫ್ಯಾನು ಕಡ, ಮೊದಲ ವಾರ ನಾನು ಗಂಟಿನ ಮೇಲೆಯೇ ಕೂತು ಬರೆದೆ. ಅವರ ಟ್ರಂಕಿಗೆ ನಮ್ಮ ಗಂಟೇನೂ ಕಡಿಮೆಯಲ್ಲ ಎಂದು ಮೆರಿನಾಳಿಗೆ ಹೇಳಿದೆ. ಅವಳು ಖುಷಿಪಟ್ಟು ಆ ಗಂಟು ಹೇಗೆ ಕಟ್ಟುವುದೆಂದು ಕೇಳಿದಳು. ತೋರಿಸಿಕೊಟ್ಟೆ.

ಪಡಸಾಲೆಯ ಗೋಡೆಯ ತುಂಬ ಫೋಟೋಗಳಿದ್ದವು. ಒಬ್ಬ ಪ್ರಧಾನಿಯೂ ಇಲ್ಲ! ಆ ಟೈಪಿಸ್ಟ್, ಡ್ರೈವರುಗಳು, ಚಹಾ ಕೊಡುವವಳು, ಧ್ವಜ ಇಸ್ತ್ರಿ ಮಾಡುವವನು.

"ನಾಯಕರ ಹೆಸರು ದೇಶದ ತುಂಬ ಇದೆ. ಪೆನ್ಸಿಲ್ ಚೂಪು ಮಾಡಿದವರ ಹೆಸರು ಇಲ್ಲಾದರೂ ಇರಲಿ ಎಂದು" ಎಂದಳು ಮೆರಿನಾ.

ಅಕ್ಕನಿಗೆ ಹೇಳಿದೆ. ಅವಳು ಚಹಾದವಳ ಫೋಟೋ ಮುಂದೆ ನಿಂತು "ಛಲೋ ಮಂದಿ ಅದಾರ ಇವರು" ಎಂದಳು.

ಅಷ್ಟರಲ್ಲಿ ಸೀರೆಯ ಕೋಣೆ ಬಂತು. ಒಂದು ಬದಿಗೆ ಹೊಸ ಕಟ್ಟಡಕ್ಕೆ ಹೋಗುವ ಸಾಮಾನು. ಇನ್ನೊಂದು ಬದಿಗೆ ಹಳದಿ ಚೀಟಿ ಅಂಟಿಸಿದ ಸಾಮಾನು. ಹಳದಿ ಚೀಟಿ ಯಾಕೆಂದು ನಾನು ಕೇಳಬೇಕಾಗಿರಲಿಲ್ಲ. ಹಳೇ ಬಾಗಲಕೋಟೆ ಹಿನ್ನೀರಿಗೆ ಹೋಗಿ ನಾವೆಲ್ಲ ನವನಗರಕ್ಕೆ ಗಂಟುಮೂಟೆ ಕಟ್ಟಿದವರು. ಸ್ಥಳಾಂತರ ಎಂದರೆ ಏನೆಂದು ನಮಗೆ ಗೊತ್ತು: ಒಂದು ಪಟ್ಟಿ ಹೋಗುವುದು, ಒಂದು ಪಟ್ಟಿ ವಿಲೇವಾರಿ. ಎರಡನೆಯ ಪಟ್ಟಿಗೆ ಬಿದ್ದದ್ದು ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವ್ವನ ಸೀರೆಯ ಮೇಲೆ ಹಳದಿ ಚೀಟಿ ಇತ್ತು.

ಹಳದಿ ಚೀಟಿ

ಸೀರೆ ಹರಿದಿರಲಿಲ್ಲ. ಕಪ್ಪು-ಹಸಿರಿನ ಒಡಲು, ಕೆಂಪು ರೇಷ್ಮೆಯ ಸೆರಗು, ಮೊನ್ನೆ ಮಗ್ಗದಿಂದ ಇಳಿಸಿದ ಹಾಗೆ ಇತ್ತು. ಅಕ್ಕ ಬಾಯಿಗೆ ತನ್ನ ಸೆರಗು ಒತ್ತಿಕೊಂಡು ನಿಂತಳು. ನನ್ನ ಕಣ್ಣೂ ತುಂಬಿತು, ಮುಚ್ಚಿಟ್ಟು ಏನು ಪ್ರಯೋಜನ.

ಮೆರಿನಾ ರಿಜಿಸ್ಟರು ಬಿಡಿಸಿ ತೋರಿಸಿದಳು. ಕೊಟ್ಟವರ ಹೆಸರು, ಪಡೆದವರ ಹೆಸರು ಇದ್ದವು. ಅದರ ಮುಂದೆ ಯಾರೋ ಹಳಬರು ಬರೆದಿದ್ದರು: "ಮೂಲ ಸೆರಗು ಕತ್ತರಿಸಿ ಬೇರೆ ಬಟ್ಟೆಯ ಸೆರಗು ಜೋಡಿಸಲಾಗಿದೆ. ಮೂಲ ವಸ್ತುವಲ್ಲ."

ನಾನು ಉರಿದುಬಿದ್ದೆ. ಮೇಜು ಗುದ್ದಿದೆ ಎಂದು ಅಕ್ಕ ಈಗಲೂ ಹೇಳುತ್ತಾಳೆ, ನಾನು ಒಪ್ಪುವುದಿಲ್ಲ, ತಟ್ಟಿದೆ ಅಷ್ಟೇ. "ತಾಯಿ, ಅದು ಜೋಡಿಸಿದ್ದಲ್ಲ, ಅದೇ ಇಳಕಲ್ ಸೀರೆ!" ಎಂದು ಶುರು ಮಾಡಿದೆ. ಬೇರೆ ಊರಿನಲ್ಲಿ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಒಂದೇ ಹಾಸಿನ ಮೇಲೆ ಒಡಲು, ಸೆರಗು ಎರಡನ್ನೂ ನೇಯುತ್ತಾರೆ. ನಮ್ಮಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಅದು ಹತ್ತಿ, ಇದು ರೇಷ್ಮೆ. ನೇಯುವ ಮುನ್ನ ಒಂದರ ಎಳೆಯ ತುದಿಯನ್ನು ಇನ್ನೊಂದರ ಎಳೆಯ ತುದಿಯಲ್ಲಿ ತೂರಿಸಿ, ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸಾವಿರಾರು ಎಳೆ, ಸಾವಿರಾರು ಕೊಂಡಿ. ಅದನ್ನು ಕತ್ತರಿಸಿ ಜೋಡಿಸಿದ್ದು ಎಂದು ಬರೆದವರಿಗೆ ಏನು ಹೇಳುವುದು?

ನನ್ನ ಇಂಗ್ಲಿಷು ಇಷ್ಟಕ್ಕೇ ಸುಸ್ತಾಯಿತು. ಅಕ್ಕ ನನ್ನನ್ನು ಬದಿಗೆ ಸರಿಸಿ ಚೀಲದಿಂದ ಎರಡು ಲಡಿ ನೂಲು ತೆಗೆದಳು. ಕುರ್ಚಿಯ ಬೆನ್ನಿಗೆ ಒಂದು ಕಟ್ಟಿ, ಮೇಜಿನ ಖಾನೆಯ ಹಿಡಿಗೆ ಒಂದು ಕಟ್ಟಿ, ನಡುವೆ ಕೊಂಡಿ ಹಾಕತೊಡಗಿದಳು. ಬೆರಳು ಕಾಣಿಸುತ್ತಲೇ ಇರಲಿಲ್ಲ. ಮೆರಿನಾ ಕನ್ನಡಕ ಏರಿಸಿ ಬಗ್ಗಿದಳು. ಹತ್ತೂವರೆಯ ಚಹಾ ಗಾಡಿ ಬಂತು. ಆ ಇಲಾಖೆಯಲ್ಲಿ ಚಹಾ ಗಾಡಿ ಬಂದರೆ ಪ್ರಧಾನಿಯ ಫೋನೂ ಎರಡು ನಿಮಿಷ ಕಾಯುತ್ತದಂತೆ. ಅವತ್ತು ಗಾಡಿಯೇ ಕಾದು ನಿಂತಿತು, ಚಹಾದವಳೂ ಬಗ್ಗಿ ನೋಡಿದಳು.

"ಹೀಗೆ ಮಾಡಬಹುದೆಂದು ಒಪ್ಪಿದೆ" ಎಂದಳು ಮೆರಿನಾ ಕೊನೆಗೆ. "ಆದರೆ ನನ್ನ ಪ್ರಶ್ನೆ ಬೇರೆ. ಅವತ್ತು ಬಾದಾಮಿಯಲ್ಲಿ ಕೊಟ್ಟ ಸೀರೆ ಇದೇ ಎಂದು ಹೇಗೆ ತಿಳಿಯಲಿ? ಮೂಲ ವಸ್ತುವಲ್ಲ ಎಂದು ರಿಜಿಸ್ಟರು ಹೇಳುತ್ತದೆ. ನಿಮ್ಮ ತಾಯಿ ಮಾಡಿದ್ದು ಇದೇ ಎನ್ನಲು ಏನಾದರೂ ಗುರುತಿದೆಯೇ?"

"ಗುರುತೇನು? ಒಂದು ಎಳೆ ತಪ್ಪಿಲ್ಲ, ನೋಡಿಕೊಳ್ಳಿ!" ಎಂದೆ ಎದೆಯುಬ್ಬಿಸಿ.

"ಒಂದು ಎಳೆಯೂ ತಪ್ಪದ ಸೀರೆಗಳು ನಿಮ್ಮೂರಿನಲ್ಲಿ ಎಷ್ಟಿವೆ?"

ಗುಮಾಸ್ತನಿಗೆ ಗುಮಾಸ್ತೆ ಹಾಕಿದ ಪಟ್ಟು ಅದು. ಇಳಕಲ್ಲಿನ ಪ್ರತಿ ಓಣಿಯಲ್ಲಿ ಅಂಥ ಸೀರೆಗಳಿವೆ. ನಾನು ಇಷ್ಟು ವರ್ಷ ಕೊಚ್ಚಿಕೊಂಡದ್ದೇ ಈಗ ನನ್ನ ಕಾಲಿಗೆ ತೊಡರಿತು. ಶುಕ್ರವಾರಕ್ಕೆ ಎರಡೇ ದಿನ, ಹಳದಿ ಚೀಟಿ ಹಾಗೇ ಇತ್ತು.

"ಏನಂದ್ಲು?" ಎಂದಳು ಅಕ್ಕ. ಹೇಳಿದೆ.

ಅಕ್ಕ ಕೈಯಲ್ಲಿದ್ದ ನೂಲು ಕೆಳಗಿಟ್ಟಳು. ಆಮೇಲೆ ನನ್ನ ಮುಖ ನೋಡದೆ, ಸೀರೆಯನ್ನೇ ನೋಡುತ್ತ ಹೇಳಿದಳು.

"ತಪ್ಪೈತಿ."

"ಏನು?"

"ಒಂದ ಕಡೆ ತಪ್ಪೈತಿ, ತಮ್ಮಾ. ನಾನ ಮಾಡೇನಿ. ಆಕಿಗಿ ಹೇಳು."

"ಹುಚ್ಚಿಗಿಚ್ಚಿ ಹಿಡದೈತೇನ್ ಬೇ ನಿನಗ?"

"ಆಗ ನನಗ ಒಂಬತ್ತ ವರ್ಸ. ಮೂರ ದಿನದಾಗ ಸೀರಿ ಆಗಬೇಕಾಗಿತ್ತು. ಅವ್ವ ಕೊಂಡಿ ಹಾಕ್ಕೋತ ಕೂತಿದ್ಲು. ಒಳಗ ನೀ ಅಳಾಕ ಹತ್ತಿದಿ. ಏನ್ ಮಾಡಿದ್ರೂ ಸುಮ್ನಾಗವಲ್ಲಿ. ಅವ್ವ ಎದ್ದ ಹ್ವಾದ್ಲು. ಆಕಿ ಬರೂದ್ರಾಗ ನಾ ಕೂತ ಒಂದೀಟ ಹಾಕಿದ್ನಿ. ಒಂದ ಕಡೆ ರೇಷ್ಮಿ ಒಂದ ಎಳಿಗಿ ಹತ್ತಿ ಎರಡ ಎಳಿ ಸಿಕ್ಕಿಸಿದ್ನಿ. ದಡಿಯಿಂದ ನಾಕ ಬೆರಳ ಮ್ಯಾಲ. ಅಲ್ಲಿ ಗಂಟ ಆಗೈತಿ."

ಇದನ್ನೆಲ್ಲ ನಾನು ಇಂಗ್ಲಿಷಿಗೆ ಅನುವಾದಿಸಬೇಕಿತ್ತು. ನನ್ನ ಅಳುವನ್ನೂ ಸೇರಿಸಿ. ಆಯಿತಲ್ಲ, ಅದನ್ನೂ ಮಾಡಿದೆ.

ಮೆರಿನಾ ಸೀರೆ ಮುಟ್ಟಲಿಲ್ಲ. ಮೊದಲು ಯಾವ ಕಡೆಯ ದಡಿ ಎಂದು ಕೇಳಿ, ಒಂದು ಹಾಳೆಯಲ್ಲಿ ಅಕ್ಕ ಹೇಳಿದ್ದನ್ನು ಬರೆದುಕೊಂಡಳು: ಸೆರಗು ನಮ್ಮ ಕಡೆ ಮಾಡಿ ಹಾಸಿದರೆ ಎಡಗಡೆಯ ದಡಿ, ಅಲ್ಲಿಂದ ನಾಲ್ಕು ಬೆರಳು. ವೇಳೆ ಹಾಕಿದಳು. ಆಮೇಲೆ ಸೀರೆ ಹಾಸಿ, ತನ್ನ ನಾಲ್ಕು ಬೆರಳಿಟ್ಟು ಅಳೆದು, ಭೂತಗನ್ನಡಿ ಹಿಡಿದಳು.

ಅಲ್ಲಿ ಏನೂ ಇರಲಿಲ್ಲ.

ಇನ್ನೊಮ್ಮೆ ನೋಡಿದಳು. ಸಾಲು ಸಾಲಾಗಿ ಕೊಂಡಿಗಳು, ಒಂದೇ ಸಮ. ಮೆರಿನಾ ಕನ್ನಡಕ ಇಳಿಸಿ "ಸಾರಿ" ಎಂದಳು. ಆ ದೇಶದಲ್ಲಿ ಎಷ್ಟೋ ಸಾರಿ ಕೇಳಿದ್ದೆ, ಇದೊಂದೇ ನನಗೆ ಬೇಡವಾಗಿತ್ತು. ಅಕ್ಕ ಅವಳ ಕೈಯನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡಳು.

"ಅಯ್ಯ ನನ್ನ ಬುದ್ಧಿಗಿಷ್ಟು! ಆಕೀ ಬೆರಳಲ್ಲೋ, ನನ್ನ ಬೆರಳ! ಆಗಿನ ಬೆರಳ! ಸಣ್ಣ ಕೂಸಿನ ನಾಕ ಬೆರಳ!"

ಕಣ್ಣು ಮುಚ್ಚಿ, ಹೆಬ್ಬೆರಳನ್ನು ದಡಿಯಿಂದ ಮೆಲ್ಲಗೆ ಮೇಲಕ್ಕೆ ಒಯ್ದಳು. ಎರಡೂವರೆ ಬೆರಳು ಹೋಗಿರಬೇಕು, ನಿಂತಳು. "ಬಾ, ಇಲ್ಲಿ ಕೈ ಇಡು" ಎಂದು ಮೆರಿನಾಳ ಬೆರಳನ್ನೇ ಹಿಡಿದು ಅಲ್ಲಿಟ್ಟಳು. ಮೆರಿನಾ ಭೂತಗನ್ನಡಿ ತಂದಳು. ಒಂದು ಕೆಂಪು ಎಳೆ, ಅದರೊಳಗೆ ಎರಡು ಕಪ್ಪು ಎಳೆ, ರಾಗಿಯ ಕಾಳಿನಷ್ಟು ಗಂಟು.

"ದೇವರೇ" ಎಂದಳು ಮೆರಿನಾ, ತನ್ನ ಭಾಷೆಯಲ್ಲಿ. ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ಹಳದಿ ಚೀಟಿಯನ್ನು ಅವಳೇ ಉಗುರಿನಿಂದ ಎಬ್ಬಿಸಿ ತೆಗೆದಳು.

ಆದರೆ ರಿಜಿಸ್ಟರಿನಲ್ಲಿ ತಪ್ಪು ಹಾಗೇ ಇತ್ತಲ್ಲ. ಬರೆದದ್ದನ್ನು ಹೊಡೆದು ಹಾಕುವ ಪದ್ಧತಿ ಈ ಇಲಾಖೆಯಲ್ಲಿ ಟ್ರಂಕಿನ ಕಾಲದಿಂದಲೂ ಇಲ್ಲ ಎಂದು ಅವಳು ಚಿಂತೆಗೆ ಬಿದ್ದಳು. ಇಲ್ಲಿ ಮಾತ್ರ ನಾನು ಅವಳಿಗಿಂತ ಒಂದು ಕೈ ಮೇಲು. "ಹೊಡೆಯುವುದು ಯಾಕೆ? ಷರಾ ಕಾಲಮು ಎಲ್ಲಿದೆ?" ಎಂದೆ. ನಮ್ಮ ಕಚೇರಿಗಳಲ್ಲಿ ಎಲ್ಲ ಕಾಲಮು ಮುಗಿದ ಮೇಲೆ ಬಲತುದಿಗೆ ಟಿಪ್ಪಣಿಗೆಂದು ಇರುವ ಆ ಸಣ್ಣ ಖಾನೆ ಎಷ್ಟು ಜನರ ನೌಕರಿ ಉಳಿಸಿದೆಯೋ! ಅವರ ರಿಜಿಸ್ಟರಿನಲ್ಲೂ ಅದು ಇತ್ತು. ವಸ್ತು ಮಾಡಿದವರ ಹೆಸರಿಗೆ ಕಾಲಮು ಇರಲಿಲ್ಲ, ಷರಾಕ್ಕೆ ಇತ್ತು.

ಸೆರಗು ಮೂಲದ್ದೇ, ಕೊಂಡಿ ಹಾಕಿ ನೇಯುವುದು ಆ ಊರಿನ ಪದ್ಧತಿ ಎಂದು ಮೆರಿನಾ ಬರೆದಳು. "ಮಾಡಿದವರ ಹೆಸರು?" ಎಂದಳು. ನಾನು ಅಪ್ಪನ ಹೆಸರು, ಅವ್ವನ ಹೆಸರು ಹೇಳಿದೆ. ಮೆರಿನಾ ಅಕ್ಕನ ಕಡೆ ಪೆನ್ನು ತೋರಿಸಿ "ಇವರದ್ದೂ" ಎಂದಳು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಮೆರಿನಾ ಬಿಡಲಿಲ್ಲ, ಪೆನ್ನನ್ನು ಅವಳ ಕೈಗೇ ಕೊಟ್ಟಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅಕ್ಕ ಇಡೀ ತೋಳು ಮೇಜಿನ ಮೇಲೆ ಊರಿ, ಕನ್ನಡದಲ್ಲಿ, ಖಾನೆ ಮೀರಿ ಹೋಗುವಷ್ಟು ದಪ್ಪ ಅಕ್ಷರದಲ್ಲಿ ಬರೆದಳು: ಶಂಕ್ರವ್ವ.

ಗುಡ್ಡದಿಂದ ಇಳಿಯುವಾಗ

ಇಳಿಜಾರಿನಲ್ಲಿ ಅಕ್ಕ ಮುಂದೆ, ನಾನು ಹಿಂದೆ. ಕೇಳಲೋ ಬೇಡವೋ ಎಂದುಕೊಂಡು ಕೊನೆಗೆ ಕೇಳಿಯೇಬಿಟ್ಟೆ.

"ಅವ್ವಗ ಗೊತ್ತಿತ್ತೇನ್ ಬೇ?"

"ಗೊತ್ತಿರಲ್ದ? ನಿನ್ನ ಬಗಲಾಗ ಎತ್ಕೊಂಡ ಬಂದ್ಲು. ಕೂಡೂ ಮುಂದ ಹೆಬ್ಬೆರಳ ಆಡಿಸಿದ್ಲು, ಕೂಡ್ಲೇ ಗಂಟ ಹತ್ತಿತು. ಬಡೀತಾಳ ಅಂತ ನಾ ಬಾಗಲಾ ನೋಡಾಕ ಹತ್ತಿದ್ನಿ."

"ಬಡದ್ಲಾ?"

"ಇಲ್ಲ. ಬಿಚ್ಚಲೂ ಇಲ್ಲ. 'ಇರ್ಲಿ ಬಿಡವಾ, ಎಲ್ಲಿ ಹೋದ್ರೂ ನಮ್ಮನಿ ಸೀರಿ ಅಂತ ಗುರ್ತ ಹತ್ತೈತಿ' ಅಂದ್ಲು."

ಅಷ್ಟು ಹೇಳಿ ಅಕ್ಕ ಕಲ್ಲುಕಟ್ಟೆಯ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಹಾದು ಹೋಗುತ್ತಿದ್ದ ಒಬ್ಬ ಮುದುಕ ನಮ್ಮನ್ನು ನೋಡಿ, ನಿಂತು, "ಸಾರಿ" ಎಂದು ಹೇಳಿ ಹೋದ. ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು.

ಬರುವಾಗ ಬಡಗಿ ಕೊಟ್ಟ ಎಮ್ಮೆಯಂಥ ಲಾಳಿಗೆ ಮೊನೆ ಇರಲಿಲ್ಲವಾದ್ದರಿಂದ ಯಾರೂ ಹಿಡಿಯಲಿಲ್ಲ. ಅದು ಈಗ ಇಳಕಲ್ಲಿನ ನಮ್ಮ ಮನೆಯಲ್ಲಿದೆ. ಓಣಿಯ ಜನ ಬಂದು ಕಥೆ ಕೇಳುತ್ತಾರೆ, ಈಗ ನಂಬುತ್ತಾರೆ, ಯಾಕೆಂದರೆ ಮೆರಿನಾ ಆ ಪುಟದ ನಕಲು ಮಾಡಿ ಮೊಹರು ಹಾಕಿ ಕೊಟ್ಟಿದ್ದಾಳೆ. ನಾನು ಈಗಲೂ ಜೋರಾಗಿಯೇ ಹೇಳುತ್ತೇನೆ, ದನಿ ಇಳಿಸಿಲ್ಲ. ಒಂದು ಮಾತು ಮಾತ್ರ ಬದಲಾಗಿದೆ: ಆ ಸೀರೆಯಲ್ಲಿ ಒಂದು ಎಳೆ ತಪ್ಪಿದೆ, ದಡಿಯಿಂದ ನಾಲ್ಕು ಬೆರಳು ಮೇಲೆ, ಒಂಬತ್ತು ವರ್ಷದ ಹುಡುಗಿಯ ಬೆರಳು.